ಡಬಲ್ ಡೋಸ್ ಹೊಡೆದ ತೊಗರಿ

ತೊಗರಿ ರಾಶಿ ಮುಗೀತು. ಕೆಳಗಿನ ಮೂರು ಎಕರೆಗೆ ಬಂದದ್ದು ಐದು ಚೀಲ. ಕೇಳಿದವರಿಗೆಲ್ಲ "ಮಳಿ ಕೆಡಿಸ್ತು" ಅಂತ ಹೇಳ್ಕೋತ ಬಂದೀನಿ. ಅದು ಅರ್ಧ ಸತ್ಯ. ಉಳಿದರ್ಧ ಇವತ್ತು ಬರೀತೀನಿ.

ಚಿತ್ತಿ ಮಳಿ ಮೂರು ದಿನ ಬಿಡದೆ ಹೊಡೀತು. ನಮ್ಮದು ಎರಿ ಭೂಮಿ, ಕೆಳಗಿನ ಹೊಲದಾಗ ನೀರು ನಿಂತೇ ಬಿಡ್ತು. ಆಗ ಜಿಆರ್‌ಜಿ-811 ಹೂ ತುಂಬಿ ನಿಂತಿತ್ತು. ನಾಲ್ಕನೇ ದಿನ ಹೋಗಿ ನೋಡಿದರೆ ಎಲೆ ಹಳದಿ, ಸಾಲಿನ ನಡುವೆ ಹೂವಿನ ಹಾಸು. ಹತ್ತು ಹೂ ಬಿಟ್ಟರೆ ಎಂಟು ಉದುರಿಸೋದು ತೊಗರಿಯ ಗುಣ ಅಂತ ನಮಗೆಲ್ಲ ಗೊತ್ತು. ಇದು ಹಂಗಿರಲಿಲ್ಲ. ಹೊಟ್ಟಿ ಉರೀತು. ಅಂಗಡಿಗೆ ಹೋಗಿ ಹೂ ಉದುರಲಾರದಂಗ ಹೊಡಿಯೋ ಎನ್‌ಎಎ ತಂದೆ. ಡಬ್ಬಿ ಮೇಲೆ ಬರೆದ ಅಳತೆಯ ಎರಡು ಪಟ್ಟು ಹಾಕಿದೆ. ಅಂಗಡಿಯವರು ಹೇಳಿದ್ದಲ್ಲ, ನನ್ನದೇ ಬುದ್ಧಿ.

ಮನೆಯಾಕಿ, "ಆಗಸ್ಟಿನಾಗ ಕುಡಿ ಚಿವುಟ್ಲಾಕ ಆಳಿಗೆ ರೊಕ್ಕ ಕೊಟ್ರಿ, ಈಗ ಹೂ ನಿಲ್ಲಿಸ್ಲಾಕ ಎಣ್ಣಿಗೆ ರೊಕ್ಕ ಕೊಡ್ತೀರಿ. ಗಿಡಕ್ಕ ಏನು ಬೇಕು ಅಂತ ನಿಮಗರ ಗೊತ್ತದನು?" ಅಂದಳು. ಸಿಟ್ಟು ಬಂತು, ಊಟ ಬಿಟ್ಟು ಎದ್ದೆ. ಮುಂದಿನ ವಾರ ಇನ್ನಷ್ಟು ಹೂ ಬಿತ್ತು.

ದೀಪಾವಳಿಗೆ ಅಕ್ಕನ ಮಗ ಬಂದಿದ್ದ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ ಓದ್ತಾನ. ಹೊಲ ಸುತ್ತಾಡಿ, "ಮಾಮ, ಅತ್ತಿ ಕೇಳಿದ್ದು ಖರೇ ಪ್ರಶ್ನಿ" ಅಂದ. ಕುಡಿಯಲ್ಲಿ ಆಕ್ಸಿನ್ ಅನ್ನೋ ಹಾರ್ಮೋನು ಹುಟ್ಟಿ ಕೆಳಗಿಳೀತದ, ಪಕ್ಕದ ಕಣ್ಣು ಒಡಿಯದಂಗ ತಡೀತದ. ಕುಡಿ ಚಿವುಟಿದರೆ ಆ ತಡೆ ಹೋಗಿ ಟೊಂಗೆ ಬರ್ತಾವ. ಎನ್‌ಎಎ ಅಂದರೆ ಕಾರ್ಖಾನೆಯಲ್ಲಿ ಮಾಡಿದ ಆಕ್ಸಿನ್. ಹೂವಿನಿಂದ ತೊಟ್ಟಿಗೆ ಆಕ್ಸಿನ್ ಹರಿಯೋತನಕ ತೊಟ್ಟು ಸುಲಭಕ್ಕ ಕಳಚೋದಿಲ್ಲ. ಅಂದರೆ ಆಗಸ್ಟಿನಲ್ಲಿ ಚಿವುಟಿ ಒಗೆದದ್ದನ್ನೇ ಅಕ್ಟೋಬರಿನಲ್ಲಿ ರೊಕ್ಕ ಕೊಟ್ಟು ತಂದು ಹೊಡೆದಿದ್ದೆ! ಎರಡೂ ಸರಿಯೇ ಅಂತ, ಕಾಲ ಬೇರೆ, ಜಾಗ ಬೇರೆ.

ತಪ್ಪಿದ್ದು ಅಳತೆ. ತೊಟ್ಟಿಗೆ ಕಳಚು ಅಂತ ಹೇಳೋದು ಎಥಿಲೀನ್, ಬಾಳೆಹಣ್ಣು ಮಾಗಿಸೋ ಅನಿಲ. ಅದರ ಕಚ್ಚಾ ಮಾಲಿನ ಹೆಸರು ಎಸಿಸಿ. ನೀರು ನಿಂತಾಗ ಎಸಿಸಿ ಬೇರಿನಲ್ಲಿ ತುಂಬಿಕೊಳ್ತದ. ಅದು ಎಥಿಲೀನ್ ಆಗಬೇಕಾದರೆ ಆಮ್ಲಜನಕ ಬೇಕು, ಉಸಿರು ಕಟ್ಟಿದ ಬೇರಿನಲ್ಲಿ ಅದು ಎಲ್ಲಿ? ಹಂಗಾಗಿ ರಸದ ಜೊತೆ ಮೇಲೆ ಹತ್ತಿ, ಗಾಳಿ ಸಿಕ್ಕಲ್ಲಿ ಎಥಿಲೀನ್ ಆಗ್ತದ. ಎಲೆ ಹಳದಿಯಾಗೋದಕ್ಕೂ ಇದೊಂದು ಕಾರಣ. ಈ ಎಸಿಸಿ ತಯಾರಿಸೋ ಕಿಣ್ವಕ್ಕೆ ಗಿಡದಲ್ಲಿ ಒಂದೇ ಜೀನ್ ಅಲ್ಲ, ಒಂದು ಕುಟುಂಬವೇ ಇದೆ. ಕೆಲವು ನೀರು ನಿಂತಾಗ ಏಳ್ತಾವ, ಕೆಲವು ಗಾಯ ಆದಾಗ, ಕೆಲವು ಆಕ್ಸಿನ್ ಹೆಚ್ಚಾದಾಗ. ಕಡೇದ್ದು ಕೇಳಿ ಬದುವಿನ ಮೇಲೆ ಕೂತೇ ಬಿಟ್ಟೆ. ಮಳಿ ಒಂದು ಬಾಗಿಲು ತೆಗೆದಿತ್ತು, ನಾನು ಡಬಲ್ ಡೋಸ್ ಹಾಕಿ ಇನ್ನೊಂದು ತೆಗೆದಿದ್ದೆ.

ಇಂಥ ಜೀನ್ ತೊಗರಿಯಲ್ಲೇ ಹುಡುಕೋದು ಈಗ ಮೊದಲಿನಷ್ಟು ಕಷ್ಟ ಇಲ್ಲಂತ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಮುಂದಾಳತ್ವದಲ್ಲಿ 'ಆಶಾ' ತಳಿಯ ಜೀನ್ ನಕ್ಷೆ 2012ರಲ್ಲಿ ಪ್ರಕಟವಾಯ್ತು, 48,680 ಜೀನ್ ಲೆಕ್ಕ ಸಿಕ್ತು. ಬೇರೆ ಗಿಡದಲ್ಲಿ ಗೊತ್ತಿರೋ ಜೀನ್ ಇಟ್ಕೊಂಡು ಅದನ್ನು ಹೋಲೋದು ಇಲ್ಲೆಲ್ಲಿದೆ ಅಂತ ಹುಡುಕ್ತಾರ. ಆಮೇಲೆ ಒಂದು ಕುಂಡದಲ್ಲಿ ನೀರು ನಿಲ್ಲಿಸಿ, ಇನ್ನೊಂದರಲ್ಲಿ ಬಸಿದು, ಯಾವ ಜೀನ್ ಎದ್ದಿತು ಅಂತ ಅಳೀತಾರ. ಹೋಲಿಕೆ ಇದ್ದ ಮಾತ್ರಕ್ಕೆ ಕೆಲಸವೂ ಅದೇ ಅಂತ ಅಲ್ಲ, ಅಂತ ಹುಡುಗ ಎರಡು ಸಲ ಹೇಳಿದ. ನಮ್ಮಲ್ಲೂ ಒಂದೇ ಮನೆತನದವರೆಲ್ಲ ಒಂದೇ ಥರ ಇರ್ತಾರೇನ್ರಿ?

ನನ್ನ ಕಡೆ ಇರೋ ಪುರಾವೆ ನಾಲ್ಕು ಸಾಲು. ಪಂಪಿನಾಗ ಎಣ್ಣಿ ತೀರಿ ಹೊಡೆಯದೆ ಬಿಟ್ಟ ಸಾಲುಗಳು. ಅಲ್ಲಿ ಕಾಯಿ ಚಲೋ ನಿಂತಿದ್ದವು. ಆದರೆ ಆ ಸಾಲು ದಿಬ್ಬದ ಕಡೆ, ಅಲ್ಲಿ ನೀರು ನಿಂತೇ ಇರಲಿಲ್ಲ. ಹಿಂಗಾಗಿ ಮಳಿ ಕೆಡಿಸಿದ್ದೆಷ್ಟು, ನಾನು ಕೆಡಿಸಿದ್ದೆಷ್ಟು, ಲೆಕ್ಕ ಹತ್ತಲಿಲ್ಲ.

ಈ ಬ್ಯಾಸಗಿಗೆ ಕೆಳಗಿನ ಬದುವಿಗೆ ಬಸಿಗಾಲುವೆ ತೆಗೆಸ್ತೀನಿ. ಕುಡಿ ಚಿವುಟೋದು ಬಿಡೋದಿಲ್ಲ. ಎನ್‌ಎಎ ಹೊಡೆದರೂ ಡಬ್ಬಿ ಮೇಲಿನ ಅಳತೆಗೇ, ನೀರು ಬಸಿದ ಮೇಲೆ. ದಿಬ್ಬದಲ್ಲಿ ನಾಲ್ಕು, ತಗ್ಗಿನಲ್ಲಿ ನಾಲ್ಕು ಸಾಲು ಹೊಡೆಯದೆ ಬಿಡ್ತೀನಿ. ನಿಮ್ಮಲ್ಲಿ ಯಾರಾದರೂ ಹಂಗ ಬಿಟ್ಟು ನೋಡಿದ್ದರೆ ಹೇಳ್ರಿ.

ಮನೆಯಾಕಿಗೆ ಬಾಯಿಬಿಟ್ಟು ಇನ್ನೂ ಒಪ್ಪಿಕೊಂಡಿಲ್ಲ. ಆಕಿ ಈ ಪೇಜ್ ಓದ್ತಾಳ.