ಸಿದ್ಧಯಂತ್ರದ ಬೆಲೆ

ಶ್ರೀನಿವಾಸಪುರದ ಸೀಮೆಯವರಿಗೆ ಬೇರೆ ವಿದ್ಯೆ ಬರಲಿ ಬಾರದಿರಲಿ, ಮಾವಿನ ಹಣ್ಣಿನ ಬುಟ್ಟಿಯನ್ನು ಪರೀಕ್ಷಿಸುವ ವಿದ್ಯೆ ಮಾತ್ರ ಬಂದೇ ಬರುತ್ತದೆ. ಮೇಲಿನ ಸಾಲಿನ ಹಣ್ಣು ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಅದನ್ನಷ್ಟೇ ನೋಡಿ ಹಣ ಎಣಿಸುವವನನ್ನು ನಮ್ಮ ಕಡೆ ಯಾರೂ ಜಾಣನೆನ್ನುವುದಿಲ್ಲ. ಬುಟ್ಟಿಯ ತಳಕ್ಕೆ ಕೈಯಿಳಿಸಿ ಅಡಿಯ ಹಣ್ಣನ್ನು ಮುಟ್ಟಿ ನೋಡಬೇಕು. ಹುಟ್ಟಿದಾರಭ್ಯ ಈ ಪಾಠವನ್ನು ಕೇಳಿ ಬೆಳೆದ ನಾವು, 2025ನೆಯ ಇಸವಿಯ ದಸರೆಯ ಸಮಯದಲ್ಲಿ ಮೇಲಿನ ಸಾಲನ್ನು ಮಾತ್ರ ನೋಡಿ 1,32,000 ರೂಪಾಯಿಗಳನ್ನು ತೆತ್ತುಬಿಡುವುದರಲ್ಲಿದ್ದೆವು. ಕೊಳ್ಳಹೊರಟುದು ಹಣ್ಣಲ್ಲ, ಕಂಪ್ಯೂಟರು.

ನಮ್ಮ ಮಗನಿಗೆ ಹತ್ತೊಂಬತ್ತು ವರ್ಷ. ಕೋಲಾರದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದುತ್ತಾನೆ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಅವನು ಬೇಡಿದುದು ಆಟಕ್ಕೆಂದೇ ಕಟ್ಟಿದ ಗೇಮಿಂಗ್ ಕಂಪ್ಯೂಟರನ್ನು. ಅದರಲ್ಲಿ ಚಿತ್ರಗಳನ್ನು ಮೂರು ಆಯಾಮಗಳಲ್ಲಿ ರಚಿಸುವ ವಿದ್ಯೆಯನ್ನೂ ಕಲಿಯಬಹುದೆಂದು ಹೇಳಿದನು. ಆ ಮಾತು ನಿಜವೇ. ಆದರೆ ಆಟವೇ ಮುಖ್ಯವೆಂಬುದು ಅವನ ಮುಖದಲ್ಲಿ ಬರೆದಂತಿದ್ದಿತು. "ಆಟಕ್ಕೆ ಇಷ್ಟು ಹಣವೇ?" ಎಂದು ನಾವು ಗದರಿದೆವು. ನಮ್ಮ ಮನೆಯವರು ಅಡಿಗೆಮನೆಯಿಂದಲೇ, "ನೀವು ಸಿನಿಮಾ ನೋಡುವುದಕ್ಕೆ ಕೋಲಾರದವರೆಗೂ ಸೈಕಲ್ಲು ತುಳಿದ ಕಥೆಯನ್ನು ಅತ್ತೆಯವರು ಹೇಳುತ್ತಿದ್ದರು" ಎಂದರು. ಅಲ್ಲಿಗೆ ಆ ವಾದ ಮುಗಿಯಿತು. ಹರಯದವರಿಗೆ ಆಟ ಬೇಡವೆನ್ನುವ ಅಧಿಕಾರ ನಮಗಿರಲಿಲ್ಲ. ಉಳಿದುದು ಬೆಲೆಯ ಪ್ರಶ್ನೆಯೊಂದೇ.

ಬೆಲೆಯ ಪ್ರಶ್ನೆಯಾದರೋ ಆ ವರ್ಷ ಸಣ್ಣದಾಗಿರಲಿಲ್ಲ. ನಮ್ಮ ತೋಟದಲ್ಲಿ ಹೆಚ್ಚಾಗಿರುವುದು ತೋತಾಪುರಿ. ಅದು ತಿನ್ನುವವರಿಗಿಂತ ಹೆಚ್ಚಾಗಿ ರಸ ತೆಗೆಯುವ ಕಾರ್ಖಾನೆಗಳನ್ನು ನಂಬಿದ ಹಣ್ಣು. ಆ ಕಾರ್ಖಾನೆಗಳು ಬಹುಮಟ್ಟಿಗೆ ಗಡಿಯಾಚೆಯ ಚಿತ್ತೂರಿನ ಕಡೆ ಇವೆ. 2025ರ ಜೂನ್ ತಿಂಗಳಿನಲ್ಲಿ ಚಿತ್ತೂರು ಜಿಲ್ಲಾಡಳಿತವು ಕರ್ನಾಟಕದ ತೋತಾಪುರಿಯ ಪ್ರವೇಶವನ್ನು ತಡೆಯಿತು. ಬೆಲೆ ಬಿದ್ದಿತು, ಶ್ರೀನಿವಾಸಪುರದ ರೈತರು ಬೀದಿಗಿಳಿದರು. ಕೊನೆಗೆ ಸರ್ಕಾರಗಳು ಸೇರಿ ನೆರವಿಗೆ ಬಂದವೆಂಬುದೂ ಸತ್ಯವೇ. ಆದರೂ ಆ ಬೇಸಗೆಯ ಗಾಯ ದಸರೆಯವರೆಗೂ ಮಾದಿರಲಿಲ್ಲ. ಕೊಳವೆಬಾವಿಯ ಮೋಟಾರಿಗೆಂದು ತೆಗೆದಿಟ್ಟಿದ್ದ ಹಣವೊಂದು ಮಾತ್ರ ಕೈಯಲ್ಲಿದ್ದಿತು. ವರ್ಷವೆಲ್ಲ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ಅಂಥ ಹಣವನ್ನು ಮುಟ್ಟುವುದೆಂದರೇನೆಂದು ವಾಚಕರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಆದಕಾರಣ ಮೂರು ಊರುಗಳಲ್ಲಿ ವಿಚಾರಿಸಿದೆವು. ಬೆಂಗಳೂರಿನಲ್ಲಿರುವ ನಮ್ಮ ಭಾವಮೈದುನರು, "ಸಿದ್ಧವಾದುದನ್ನೇ ಕೊಂಡುಬಿಡಿ ಭಾವ, ಕೆಟ್ಟರೆ ಒಬ್ಬನನ್ನು ಹಿಡಿದು ಕೇಳಬಹುದು" ಎಂದರು. ಮುಳಬಾಗಿಲಿನಲ್ಲಿ ರಿಪೇರಿ ಅಂಗಡಿಯನ್ನಿಟ್ಟಿರುವ ಗೆಳೆಯರು, "ಚೀಟಿಯಲ್ಲಿ ಏನು ಬರೆದಿದೆಯೆಂದು ನೋಡಬೇಡಿ, ಏನನ್ನು ಬರೆದಿಲ್ಲವೆಂದು ನೋಡಿ" ಎಂದರು. ಮಾಲೂರಿನಲ್ಲಿರುವ ಅಕ್ಕನ ಮಗನಿಗೆ ಅನುಭವವೇ ಆಗಿದ್ದಿತು. ಅವನು 2021ರಲ್ಲಿ ಸಿದ್ಧಯಂತ್ರವನ್ನು ಕೊಂಡವನು. ಆಗ ಕೋವಿಡ್ಡಿನ ದೆಸೆಯಿಂದಲೂ, ಕಂಪ್ಯೂಟರಿನಿಂದ ಕ್ರಿಪ್ಟೊ ನಾಣ್ಯಗಳನ್ನು ಗಳಿಸುವವರ ಹಾವಳಿಯಿಂದಲೂ ಗ್ರಾಫಿಕ್ಸ್ ಕಾರ್ಡುಗಳು ಬಿಡಿಯಾಗಿ ದೊರೆಯುತ್ತಿರಲಿಲ್ಲ. ದೊರೆತರೂ ಬೆಲೆ ಆಕಾಶಕ್ಕೇರಿದ್ದಿತು. ಸಿದ್ಧಯಂತ್ರವನ್ನು ಕೊಳ್ಳುವುದೇ ಅಂದಿಗೆ ವಿವೇಕವಾಗಿದ್ದಿತು. ಆದರೆ ವರ್ಷಗಳಾದ ಮೇಲೆ ಅದರ ವಿದ್ಯುತ್ ಪೆಟ್ಟಿಗೆ ಸುಟ್ಟಿತು. ಕಟ್ಟಿದ ಕಂಪನಿಯವರು ಅದನ್ನೂ ಮದರ್‌ಬೋರ್ಡನ್ನೂ ತಮ್ಮದೇ ಆಕಾರದಲ್ಲಿ ಮಾಡಿಸಿದ್ದರು. ಪೇಟೆಯಲ್ಲಿ ಸಿಕ್ಕುವ ಯಾವುದೂ ಹೊಂದಲಿಲ್ಲ. ಸುಟ್ಟ ಸಣ್ಣ ಪೆಟ್ಟಿಗೆಗಾಗಿ ಇಡೀ ಯಂತ್ರವು ಎರಡು ತಿಂಗಳು ಬಟ್ಟೆ ಹೊದ್ದು ಕುಳಿತಿದ್ದಿತು.

ಈ ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಸಿದ್ಧಯಂತ್ರದ ಚೀಟಿಯನ್ನು ಮತ್ತೊಮ್ಮೆ ಓದಿದೆವು. ಮೇಲಿನ ಸಾಲಿನಲ್ಲಿ ಗಾಜಿನ ಬಾಗಿಲು, ತೇರಿನಂತೆ ಬಣ್ಣಬಣ್ಣದ ದೀಪಗಳು, ಮತ್ತು ದೊಡ್ಡ ಅಕ್ಷರಗಳಲ್ಲಿ ಗ್ರಾಫಿಕ್ಸ್ ಕಾರ್ಡಿನ ಹೆಸರು: ಆರ್‌ಟಿಎಕ್ಸ್ 5060 ಟಿಐ, 16 ಜಿಬಿ. ಅದು ಒಳ್ಳೆಯ ಹಣ್ಣೇ. ಆಟದ ಯಂತ್ರದಲ್ಲಿ ಹಣದ ಅರ್ಧದಷ್ಟನ್ನು ನುಂಗುವುದೂ ಅದೇ, ಪರದೆಯ ಮೇಲಿನ ಚಿತ್ರವನ್ನು ಕ್ಷಣಕ್ಷಣಕ್ಕೆ ಬರೆಯುವುದೂ ಅದೇ. ಕೈಯನ್ನು ತಳಕ್ಕಿಳಿಸಿದಾಗ ಬೇರೆಯ ಸಂಗತಿ ತಿಳಿಯಿತು. ವಿದ್ಯುತ್ ಪೆಟ್ಟಿಗೆಗೆ ಹೆಸರೇ ಇಲ್ಲ, 600 ವಾಟ್ ಎಂದಷ್ಟೇ ಇದೆ. ರ್‍ಯಾಮ್ 16 ಜಿಬಿ, ಅದೂ ಒಂದೇ ಪಟ್ಟಿ. ಒಂದರ ಬದಲು ಎರಡು ಪಟ್ಟಿಗಳಿದ್ದರೆ ಸಂಸ್ಕಾರಕಕ್ಕೆ ಮಾಹಿತಿಯು ಎರಡು ದಾರಿಗಳಲ್ಲಿ ಬರುತ್ತದೆ. ಒಂದೇ ಬಾವಿಗೆ ಎರಡು ರಾಟೆಗಳನ್ನು ಹೂಡಿದ ಹಾಗೆ. ಅಂಗಡಿಯವರು ಒಂದು ರಾಟೆಯನ್ನು ಉಳಿಸಿಕೊಂಡಿದ್ದರು.

ಮಗನನ್ನು ಕೂರಿಸಿಕೊಂಡು ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಗಳ ಬಿಡಿ ಬೆಲೆಗಳನ್ನು ಕೂಡಿಸಿದೆವು. ಅದೇ ಕಾರ್ಡು, ಹೆಸರುಳ್ಳ 650 ವಾಟಿನ ವಿದ್ಯುತ್ ಪೆಟ್ಟಿಗೆ, ಎರಡು ಪಟ್ಟಿಗಳಲ್ಲಿ 32 ಜಿಬಿ ರ್‍ಯಾಮ್, ಉಳಿದುದೆಲ್ಲ ಸೇರಿ, ನೂರಕ್ಕೆ 18ರ ತೆರಿಗೆಯೂ ಒಳಗೊಂಡು, 98,000 ರೂಪಾಯಿಗಳಾದುವು. ಸಿದ್ಧಯಂತ್ರದೊಡನೆ ವಿಂಡೋಸ್ ಪರವಾನಗಿ ಬರುತ್ತದೆ. ನ್ಯಾಯವಾಗಿ ಅದಕ್ಕೆ 10,000 ಸೇರಿಸಿದೆವು. ಆದರೂ 24,000 ರೂಪಾಯಿಗಳ ಅಂತರ ಉಳಿಯಿತು.

ಕರೆಂಟಿನ ಲೆಕ್ಕವನ್ನೂ ಬಿಡಲಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ಹರಿದು ಬಂದಿತೆಂದು ಹೆಮ್ಮೆಪಡುವ ಜಿಲ್ಲೆ ನಮ್ಮದು. ಆದರೆ ಹೆಮ್ಮೆಯಿಂದ ಬಿಲ್ಲು ಕಡಮೆಯಾಗುವುದಿಲ್ಲ. ಆಟವಾಡುವಾಗ ಯಂತ್ರವು ಸುಮಾರು 350 ವಾಟ್ ಎಳೆದರೆ, ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ 30 ಯುನಿಟ್ಟುಗಳ ಮೇಲಾಗುತ್ತದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿಯಲ್ಲಿ ಮನೆಯ ಹಿಂದಿನ ಸರಾಸರಿಯ ಮೇಲೆ ನೂರಕ್ಕೆ ಹತ್ತರಷ್ಟು ಮಾತ್ರ ಹೆಚ್ಚಿಗೆ ದೊರೆಯುವುದು. 200 ಯುನಿಟ್ಟುಗಳನ್ನು ಮೀರಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ನಮ್ಮ ಮನೆಯ ಸರಾಸರಿ 160. ಬೇಸಗೆಯಲ್ಲಿ ಫ್ಯಾನುಗಳೂ ಸೇರಿದರೆ ಗಡಿ ದಾಟುವುದು ಖಂಡಿತ. ಇದನ್ನು ಮಗನಿಗೆ ತೋರಿಸಿದೆವು. ಅವನು ಮರುಮಾತಿಲ್ಲದೆ, ದಿನಕ್ಕೆ ಒಂದೂವರೆ ಗಂಟೆಯೆಂದು ತಾನೇ ಬರೆದುಕೊಂಡನು.

ಅನಂತರ ಆ 24,000ಕ್ಕೆ ಬಂದೆವು. ಜೋಡಿಸುವ ಕೂಲಿ ಅಷ್ಟಾಗಲಾರದು. ಅಂಗಡಿಯವರು ಅಲ್ಪ ಹಣಕ್ಕೆ ಜೋಡಿಸಿಕೊಡುತ್ತಾರೆ. ಹೊಣೆಗಾರಿಕೆಯೆಂದರೆ, ಇಡೀ ಯಂತ್ರಕ್ಕೆ ಒಂದು ವರ್ಷದ ಖಾತರಿ. ಬಿಡಿಭಾಗಗಳಲ್ಲಿ ಹೆಚ್ಚಿನವಕ್ಕೆ ಮೂರು ವರ್ಷ. ಹಾಗಾದರೆ ಈ ಹಣವೇತಕ್ಕೆ? "ನೀನೇಕೆ ಮೊದಲೇ ಬಿಡಿಭಾಗಗಳ ಮಾತೆತ್ತಲಿಲ್ಲ?" ಎಂದು ಕೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೇ ಜೋಡಿಸುತ್ತೇನೆಂದರೆ ನೀವು ಒಪ್ಪುವುದಿಲ್ಲವೆಂದು, ಅಪ್ಪ" ಎಂದನು.

ನಮಗೆ ಏಳು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು. ಹನ್ನೆರಡು ವರ್ಷದ ಹುಡುಗ ತೋಟದ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯನ್ನು ಬಿಚ್ಚಿ ಒಳಗೆ ನೋಡುತ್ತಿದ್ದನು. ಮೂರು ಫೇಸಿನ ಕರೆಂಟು. ನಮ್ಮ ಎದೆ ನಿಂತಂತಾಯಿತು. ಓಡಿಹೋಗಿ ಕೆನ್ನೆಗೆ ಹೊಡೆದೆವು. ಹೊಡೆದುದಕ್ಕೆ ಭಯವೇ ಕಾರಣ. ಆದರೆ ಆಮೇಲೆ, "ಇವನು ಕೈಹಾಕಿದ್ದೆಲ್ಲ ಕೆಟ್ಟಿತು" ಎಂದು ನೆಂಟರೆದುರಿಗೂ ವರ್ಷಗಟ್ಟಲೆ ಹಾಸ್ಯ ಮಾಡಿದೆವಲ್ಲ, ಅದಕ್ಕೆ ಭಯವು ಕಾರಣವಲ್ಲ. ಮಿಕ್ಸಿ ಕೆಟ್ಟರೆ ಮುಳಬಾಗಿಲಿನ ಗೆಳೆಯರಿಗೆ ಕಳುಹಿಸಿದೆವು. ಕಂಪ್ಯೂಟರ್ ಓದುವ ಹುಡುಗನ ಕೈಗೆ ಸ್ಕ್ರೂಡ್ರೈವರ್ ಕೊಡಲಿಲ್ಲ. ಸಿದ್ಧಯಂತ್ರಕ್ಕೆ ನಾವು ತೆರಲು ಹೊರಟಿದ್ದ ಹೆಚ್ಚಿನ ಹಣ ಬಹುಮಟ್ಟಿಗೆ ಆ ಅಪನಂಬಿಕೆಯ ಬೆಲೆಯಾಗಿದ್ದಿತು.

ದೀಪಾವಳಿಗೆ ಮುಂಚೆ ತಂದೆಮಕ್ಕಳಿಬ್ಬರೂ ಎಸ್. ಪಿ. ರಸ್ತೆಗೆ ಹೋಗಿ ಭಾಗಗಳನ್ನು ತಂದೆವು. ಹಜಾರದ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ ಅವನು ಕೆಲಸಕ್ಕೆ ಕುಳಿತನು. ಕೈಗಳು ಮೊದಲು ನಡುಗುತ್ತಿದ್ದುವು. ನಾಲ್ಕು ಗಂಟೆಗಳಾದ ಮೇಲೆ ಸ್ವಿಚ್ಚು ಒತ್ತಿದನು. ಪಂಕಗಳು ತಿರುಗಿದುವು, ದೀಪಗಳು ಹತ್ತಿದುವು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಅವನು ಯಂತ್ರವನ್ನು ನೋಡಲಿಲ್ಲ. ನಮ್ಮ ಮುಖವನ್ನು ನೋಡಿದನು.

ಹಳೆಯ ಮಾತು ನಾಲಗೆಯ ತುದಿಗೆ ಬಂದಿದ್ದಿತು. ಎದ್ದು ಹೋಗಿ ಹಿತ್ತಿಲಲ್ಲಿ ನಿಂತೆವು. ಅಷ್ಟು ಹೊತ್ತು ಸುಮ್ಮನಿರುವುದು ನಮಗೆ ಸುಲಭವಾಗಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇವೆ. ಅರ್ಧ ಗಂಟೆಯಲ್ಲಿ ಒಳಗಿನಿಂದ ಅವನ ತಾಯಿಯನ್ನು ಕೂಗುವ ಧ್ವನಿ ಕೇಳಿಸಿತು. ಪರದೆಯ ತಂತಿಯನ್ನು ಅವನು ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸುವ ಬದಲು ಮದರ್‌ಬೋರ್ಡಿಗೆ ಸಿಕ್ಕಿಸಿದ್ದನು. ನಾವು ಕೊಂಡ ಸಂಸ್ಕಾರಕಕ್ಕೆ ತಾನಾಗಿ ಚಿತ್ರ ಬರೆಯುವ ಶಕ್ತಿಯಿಲ್ಲ. ಆದಕಾರಣ ಆ ಕಿಂಡಿಯಿಂದ ಏನೂ ಬರುವಂತಿರಲಿಲ್ಲ. ದೋಷವನ್ನು ಹುಡುಕಿದವನೂ ಅವನೇ, ತಿದ್ದಿದವನೂ ಅವನೇ.

ಹಾಗೆಂದು ಸಿದ್ಧಯಂತ್ರವನ್ನು ಯಾರೂ ಕೊಳ್ಳಬಾರದೆಂದು ನಾವು ಹೇಳುವುದಿಲ್ಲ. ಜೋಡಿಸಲು ಬಿಡುವಾಗಲಿ ಆಸಕ್ತಿಯಾಗಲಿ ಇಲ್ಲದವರು, ಕೆಟ್ಟಾಗ ಒಂದೇ ಬಾಗಿಲನ್ನು ತಟ್ಟಬಯಸುವವರು ಅದನ್ನೇ ಕೊಳ್ಳುವುದು ಲೇಸು. ವಿದ್ಯುತ್ ಪೆಟ್ಟಿಗೆಯ ಹೆಸರು, ರ್‍ಯಾಮಿನ ಪಟ್ಟಿಗಳ ಸಂಖ್ಯೆ, ಮದರ್‌ಬೋರ್ಡಿನ ಆಕಾರ, ಇವನ್ನು ಮಾತ್ರ ಬರೆಸಿಕೊಳ್ಳಲಿ. ಕಾಲವೂ ಲೆಕ್ಕವನ್ನು ಬದಲಿಸುತ್ತದೆ. ನಾವು ಕೊಂಡ ಸ್ವಲ್ಪ ದಿನಗಳಲ್ಲಿಯೇ, ಕೃತಕ ಬುದ್ಧಿಯ ದೊಡ್ಡ ದೊಡ್ಡ ಕೇಂದ್ರಗಳ ಬೇಡಿಕೆಯಿಂದಾಗಿ ರ್‍ಯಾಮಿನ ಬೆಲೆ ವಿಪರೀತವಾಗಿ ಏರಿತು. ಅಮೆರಿಕದ ಮೈಕ್ರಾನ್ ಸಂಸ್ಥೆಯು ಸಾಮಾನ್ಯ ಗಿರಾಕಿಗಳಿಗಾಗಿ ನಡಸುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನು ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಅಂಥ ಕಾಲದಲ್ಲಿ ಹಳೆಯ ಬೆಲೆಗೆ ಕಟ್ಟಿಟ್ಟ ಸಿದ್ಧಯಂತ್ರವೇ ಬಿಡಿಭಾಗಗಳಿಗಿಂತ ಅಗ್ಗವಾಗಿದ್ದರೂ ಇರಬಹುದು. ಬುಟ್ಟಿಯನ್ನು ಪ್ರತಿಸಲವೂ ಹೊಸದಾಗಿ ಮುಟ್ಟಿ ನೋಡಬೇಕು.

ಮೋಟಾರಿನ ಹಣದಲ್ಲಿ ಒಂದು ಭಾಗ ಉಳಿಯಿತು. ಸಂಕ್ರಾಂತಿಯ ಮಾರನೆಯ ದಿನ ತೋಟದ ಸ್ಟಾರ್ಟರ್ ಕೆಟ್ಟು ನಿಂತಾಗ, ಮುಖ್ಯ ಸ್ವಿಚ್ಚನ್ನು ತೆಗೆದು, ಪೆಟ್ಟಿಗೆಯ ಬೀಗದ ಕೈಯನ್ನು ಮಗನಿಗೆ ಕೊಟ್ಟು, ನಾವು ಪಕ್ಕದಲ್ಲಿ ಟಾರ್ಚು ಹಿಡಿದು ನಿಂತೆವು.