ಮಾಟಗಾತಿಯರ ನಡುವೆ ಕ್ಷೇಮಸಮಾಚಾರ

ಹಳೆಯ ಚಿತ್ರ ಪೋಸ್ಟ್‌ಕಾರ್ಡು ಕೂಡಿಡುವವರಲ್ಲಿ ಎರಡು ಪಂಗಡ. ಮೂಲೆ ಮುಕ್ಕಾಗದ, ಅಂಚೆಪೆಟ್ಟಿಗೆಯನ್ನೇ ಕಾಣದ ಕಾರ್ಡು ಬೇಕೆನ್ನುವವರು ಒಂದು. ನಾನು ಇನ್ನೊಂದು. ಯಾರೋ ಬರೆದು, ಯಾರೋ ಠಸ್ಸೆ ಒತ್ತಿ, ಮತ್ತ್ಯಾರೋ ಓದಿ ಎತ್ತಿಟ್ಟ ಕಾರ್ಡೇ ನನಗೆ ಬೇಕು. ವ್ಯಾಪಾರಿಗಳ ಲೆಕ್ಕದಲ್ಲಿ ಇದು ಕೀಳು ರುಚಿ. ನನ್ನ ಜೇಬಿಗೆ ಹಿತ.

ಅದರಲ್ಲೂ ಕಥೆ ಅಂಟಿಕೊಂಡ ಕಲ್ಲು, ಬೆಟ್ಟ ಕಂಡರೆ ಕೈ ತಡೆಯದು. ಜರ್ಮನಿಯ ಬ್ರಾಕೆನ್ ಬೆಟ್ಟವನ್ನೇ ನೋಡಿ. ಎತ್ತರ 1,141 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಮುಂದೆ ಕುಳ್ಳ. ಆದರೆ ಏಪ್ರಿಲ್ 30ರ ರಾತ್ರಿ ಮಾಟಗಾತಿಯರೆಲ್ಲ ಪೊರಕೆಯೇರಿ ಅಲ್ಲಿ ನೆರೆಯುತ್ತಾರೆಂಬ ಪ್ರತೀತಿ. ಪ್ರವಾಸಿಗರು ಬಂದರು, ತುದಿಗೆ ರೈಲು ಬಂತು, ‘ಬ್ರಾಕೆನ್‌ನಿಂದ ವಂದನೆ’ ಎಂಬ ಕಾರ್ಡುಗಳೂ ಬಂದವು. ಜರ್ಮನಿಯಲ್ಲಿ 1905ರವರೆಗೆ ಕಾರ್ಡಿನ ಹಿಂಬದಿ ವಿಳಾಸಕ್ಕೆ ಮಾತ್ರ ಮೀಸಲು. ಒಕ್ಕಣೆಯೆಲ್ಲ ಚಿತ್ರದ ಮಗ್ಗುಲಲ್ಲೇ ಮುಗಿಯಬೇಕು. ಹೀಗಾಗಿ ನನ್ನಲ್ಲಿರುವ ಒಂದರಲ್ಲಿ ಮುದುಕಿಯೊಬ್ಬಳು ಆಕಾಶದಲ್ಲಿ ಹಾರುತ್ತಿದ್ದರೆ, ಅವಳ ಲಂಗದಡಿಯಲ್ಲೇ ಯಾರದೋ ಕ್ಷೇಮಸಮಾಚಾರ ಶುರುವಾಗಿ, ಜಾಗ ಸಾಲದೆ ಬೆಟ್ಟದ ಇಳಿಜಾರು ಹತ್ತಿದೆ.

ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಇನ್ನೂ ಸೊಗಸು. ಕಡಲಂಚಿನಲ್ಲಿ ಸುಮಾರು 40,000 ಬಸಾಲ್ಟ್ ಕಂಬಗಳು, ಹೆಚ್ಚಿನವು ಆರು ಮೂಲೆಯವು. ಲಾವಾ ತಣಿದು, ಕುಗ್ಗಿ, ಬಿರುಕು ಬಿಟ್ಟಾಗ ಆದದ್ದು. ಮಲ್ಪೆಯೆದುರಿನ ಸೇಂಟ್ ಮೇರಿ ದ್ವೀಪದ ಕಂಬಗಳದೂ ಇದೇ ಜಾತಕ. ಕಥೆ ಬೇರೆ ಹೇಳುತ್ತದೆ. ಫಿನ್ ಮೆಕೂಲ್ ಎಂಬ ದೈತ್ಯ ಸ್ಕಾಟ್ಲೆಂಡಿನ ದೈತ್ಯನೊಡನೆ ಕಾದಾಡಲು ಕಡಲಿಗೇ ದಾರಿ ಹಾಸಿದ. ಎದುರಾಳಿಯ ಗಾತ್ರ ಕಂಡದ್ದೇ ಎದೆ ಝಲ್ಲೆಂದಿತು. ಹೆಂಡತಿ ಜಾಣೆ, ಗಂಡನಿಗೆ ಕುಲಾವಿ ಕಟ್ಟಿ ತೊಟ್ಟಿಲಲ್ಲಿ ಮಲಗಿಸಿದಳು. ಕೂಸೇ ಇಷ್ಟಿದ್ದರೆ ಅಪ್ಪ ಎಷ್ಟಿದ್ದಾನೆಂದು ಬಂದವನು ಓಟ ಕಿತ್ತ. ಓಡುತ್ತ ದಾರಿಯನ್ನೂ ಕಿತ್ತ. ಅದಕ್ಕೇ ಆಚೆಯ ಸ್ಟಾಫಾ ದ್ವೀಪದಲ್ಲೂ ಅಂಥವೇ ಕಂಬಗಳು ಉಳಿದಿವೆಯಂತೆ. ಕಾಸ್‌ವೇಯ ಕಂಬಗಳ ನಡುವೆ ಬೇಡಿದ್ದು ಕೊಡುವ ಕುರ್ಚಿಯೊಂದಿದೆ. ಅಗಲ ಟೋಪಿಯ ಹೆಂಗಸರು ಅದರಲ್ಲಿ ಗಂಭೀರವಾಗಿ ಕೂತ ಕಾರ್ಡುಗಳು ಬೇಕಾದಷ್ಟು. ಏನು ಬೇಡಿಕೊಂಡರೆಂದು ನನಗೆ ಸಿಕ್ಕ ಯಾವುದರ ಬೆನ್ನಲ್ಲೂ ಬರೆದಿಲ್ಲ. ಹವೆ ಹೇಗಿತ್ತೆಂಬುದನ್ನು ಮಾತ್ರ ಎಲ್ಲರೂ ಬರೆದಿದ್ದಾರೆ.

ನಮ್ಮ ಜೋಗ ಈ ಲೋಕದಲ್ಲಿ ‘ಗೇರುಸೊಪ್ಪ ಫಾಲ್ಸ್’. ಭಾರತದ ಎಷ್ಟೋ ಕಾರ್ಡುಗಳು ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಬಣ್ಣ ಬಳಿದವರು ಶರಾವತಿ ನೋಡಿದವರಿರಲಾರರು. ಬಂಡೆಗೆ ನಸುಗೆಂಪು, ಕಾಡಿಗೆ ಸೇಬಿನ ಹಸಿರು. ಆ ಸುಳ್ಳು ಬಣ್ಣವೂ ನನಗೆ ಇಷ್ಟವೇ. ನೀರು ಮಾತ್ರ ನಿಜ: ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ 253 ಮೀಟರ್ ಧುಮುಕುತ್ತಿವೆ, ಲಿಂಗನಮಕ್ಕಿಯ ಗೇಟಿನ ಹಂಗಿಲ್ಲದೆ. 1964ರ ಆ ಅಣೆಕಟ್ಟಿಗೆ ಮುಂಚಿನ ಹೊಳೆಯನ್ನು ಕಾಣದ ನನ್ನಂಥವರಿಗೆ ಈ ಅಂಗೈಯಗಲದ ರಟ್ಟೇ ಗತಿ.

ನಿಮ್ಮ ಮನೆಯ ಅಟ್ಟದ ಟ್ರಂಕಿನಲ್ಲಿ ಇಂಥದೊಂದು ಸಿಕ್ಕರೆ ದಯವಿಟ್ಟು ಅಂಚೆಚೀಟಿಯ ಆಸೆಗೆ ಮೂಲೆ ಕತ್ತರಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಮೊದಲು ತಿರುಗಿಸಿ ಓದಿ.