ಬಾಡಿಗೆಯ ಮೋಟಾರಿನಲ್ಲಿ ತೊಸ್ಕಾನದ ಹಳ್ಳಿಗಾಡು

ಇಟಲಿ ದೇಶಕ್ಕೆ ಹೋಗಿ ಬಂದ ನಮ್ಮವರನ್ನು ಅಲ್ಲಿ ಏನೇನು ಕಂಡಿರೆಂದು ಕೇಳಿದರೆ ರೋಮು, ಫ್ಲಾರೆನ್ಸು, ವೆನಿಸು ಎಂಬ ಮೂರು ಹೆಸರುಗಳು ಒಂದರ ಹಿಂದೊಂದು ಬರುವುವು. ರೈಲುದಾರಿಯು ಆ ಮೂರು ನಗರಗಳನ್ನೂ ಒಂದೇ ದಾರದಲ್ಲಿ ಪೋಣಿಸಿರುವುದರಿಂದ ಪ್ರವಾಸಿಗಳು ಒಂದರಲ್ಲಿ ಬೆಳಗಿನ ಉಪಾಹಾರ ಮುಗಿಸಿ ಮಧ್ಯಾಹ್ನದ ಊಟಕ್ಕೆ ಇನ್ನೊಂದನ್ನು ಸೇರುತ್ತಾರೆ. ನಡುವೆ ಕಿಟಕಿಯಲ್ಲಿ ಓಡಿಹೋದ ಗುಡ್ಡಗಳೆಷ್ಟು, ಆ ಗುಡ್ಡಗಳ ನೆತ್ತಿಯಲ್ಲಿ ಕಲ್ಲಿನ ಕೋಟೆ ಕಟ್ಟಿಕೊಂಡು ಕುಳಿತಿರುವ ಸಣ್ಣ ಊರುಗಳೆಷ್ಟು! ಅವುಗಳ ಹೆಸರನ್ನು ಕೇಳಿ ತಿಳಿಯುವಷ್ಟರಲ್ಲಿ ರೈಲು ಸುರಂಗವನ್ನು ಹೊಕ್ಕಿರುತ್ತದೆ. ಅಂಥ ಊರುಗಳಲ್ಲಿ ಹೆಚ್ಚಿನವಕ್ಕೆ ರೈಲು ಇಲ್ಲ. ಬಸ್ಸುಗಳು ಉಂಟಾದರೂ ದಿನಕ್ಕೆ ಕೆಲವೇ ಸಲ, ಭಾನುವಾರದಲ್ಲಿ ಮತ್ತೂ ಕಡಮೆ. ಅವನ್ನು ನೋಡಬೇಕೆಂದು ಮನಸ್ಸು ಮಾಡಿದವರಿಗೆ ಬಾಡಿಗೆಯ ಮೋಟಾರೇ ಗತಿ.

ನಾನು, ನನ್ನ ಪತ್ನಿ, ಕಾಲೇಜಿನಲ್ಲಿ ಓದುವ ಮಗಳು, ಎಪ್ಪತ್ತೈದು ದಾಟಿದ ನನ್ನ ತಾಯಿಯವರು, ಹೀಗೆ ನಾಲ್ವರು ಮೇ ತಿಂಗಳಿನಲ್ಲಿ ಐದು ದಿನ ಈ ರೀತಿಯಲ್ಲಿ ತೊಸ್ಕಾನ ಸೀಮೆಯನ್ನು ಸುತ್ತಿದೆವು. ತಾಯಿಯವರಿಗೆ ಮೆಟ್ಟಿಲೇರುವುದೂ ಪೆಟ್ಟಿಗೆ ಹಿಡಿದು ರೈಲು ಬದಲಿಸುವುದೂ ಆಗದಾದುದರಿಂದ ನಮಗೆ ಮೋಟಾರು ಬರಿಯ ವಿಲಾಸವಾಗಿರಲಿಲ್ಲ.

ಹೊರಡುವುದಕ್ಕೆ ಮುಂಚೆ ಊರಿನಲ್ಲಿಯೇ ಮುಗಿಸಬೇಕಾದ ಕೆಲಸವೊಂದುಂಟು. ನಮ್ಮ ದೇಶದ ಲೈಸೆನ್ಸೊಂದೇ ಅಲ್ಲಿ ಸಾಲದು. ಅದರ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಿಗೆಯೂ ಕೈಯಲ್ಲಿರಬೇಕು. ಇದನ್ನು ನಮ್ಮ ಆರ್.ಟಿ.ಓ. ಕಛೇರಿಯವರೇ ಕೊಡುತ್ತಾರೆ, ಒಂದು ವರ್ಷ ನಡೆಯುತ್ತದೆ. ಎರಡನೆಯದಾಗಿ, ಇಟಲಿಯಲ್ಲಿ ಬಾಡಿಗೆಗೆ ಸಿಗುವ ಬಹುಪಾಲು ಮೋಟಾರುಗಳು ಕೈಯಿಂದ ಗೇರು ಬದಲಿಸುವಂಥವು. ಗೇರಿಲ್ಲದ ಗಾಡಿಯೇ ಬೇಕೆಂಬವರು ಮುಂಚಿತವಾಗಿ ಹೇಳಿ, ಹೆಚ್ಚು ಹಣ ತೆರಬೇಕು. ಮೂರನೆಯದಾಗಿ, ಓಡಿಸುವವರ ಸ್ವಂತ ಹೆಸರಿನಲ್ಲಿಯೇ ಕ್ರೆಡಿಟ್ ಕಾರ್ಡು ಇರಬೇಕು. ಬಾಡಿಗೆಯವರು ಅದರಲ್ಲಿ ಒಂದು ಠೇವಣಿಯನ್ನು ತಡೆಹಿಡಿದಿಟ್ಟು, ಗಾಡಿ ಸುರಕ್ಷಿತವಾಗಿ ಹಿಂದಿರುಗಿದಮೇಲೆ ಬಿಡುಗಡೆ ಮಾಡುತ್ತಾರೆ.

ಫ್ಲಾರೆನ್ಸಿನಲ್ಲಿ ಗಾಡಿಯನ್ನು ಊರ ನಡುವೆ ಪಡೆಯದೆ ವಿಮಾನ ನಿಲ್ದಾಣದ ಬಳಿಯಲ್ಲಿ ಪಡೆಯುವುದು ಲೇಸು. ಕಾರಣವನ್ನು ಮುಂದೆ ಹೇಳುತ್ತೇನೆ. ಅಲ್ಲಿಯ ಗುಮಾಸ್ತೆ ಬಹಳ ಮರ್ಯಾದೆಯಿಂದಲೇ ಕಾಲು ಗಂಟೆ ಕಾಲ ಹೆಚ್ಚುವರಿ ವಿಮೆಯನ್ನು ಕುರಿತು ಉಪನ್ಯಾಸ ಮಾಡಿದಳು. ವಿಷಯವಿಷ್ಟು: ಸಾಧಾರಣ ಬಾಡಿಗೆಯಲ್ಲಿಯೇ ಒಂದು ವಿಮೆ ಸೇರಿರುತ್ತದೆ, ಆದರೆ ನಷ್ಟದ ಮೊದಲ ಭಾಗ ಇಂತಿಷ್ಟೆಂದು ನಮ್ಮ ತಲೆಯ ಮೇಲಿರುತ್ತದೆ, ಆ ಭಾರವನ್ನು ಇಳಿಸಿಕೊಳ್ಳಬೇಕಾದರೆ ಇನ್ನಷ್ಟು ಹಣ. ಕಲ್ಲುಗೋಡೆಗಳ ಸಂದಿಯಲ್ಲಿ ಮೊದಲ ಸಲ ಬಲಗಡೆ ಓಡಿಸುವ ಗೃಹಸ್ಥನು ಈ ಹಣವನ್ನು ಉಳಿಸಹೋಗಬಾರದೆಂದು ನನ್ನ ಮತ. ಆದರೆ ಆ ಕರಾರನ್ನು ಓದಿಯೇ ರುಜು ಹಾಕಬೇಕು. ಚಕ್ರ, ಗಾಜು, ಗಾಡಿಯ ತಳ, ಇವನ್ನು ಹೊರತುಪಡಿಸಿದ ಕರಾರುಗಳುಂಟು. ಗಾಡಿಯನ್ನು ಹೊರಡಿಸುವ ಮುಂಚೆ ನನ್ನ ಮಗಳು ಸುತ್ತಲೂ ನಡೆದು ಪ್ರತಿಯೊಂದು ಗೀರಿನ ಛಾಯಾಚಿತ್ರವನ್ನೂ ತೆಗೆದುಕೊಂಡಳು.

ಇಟಲಿಯಲ್ಲಿ ರಸ್ತೆಯ ಬಲಗಡೆ ಓಡಿಸಬೇಕು, ಓಡಿಸುವವನು ಎಡಗಡೆ ಕೂರಬೇಕು. ಕೇಳಲು ಸುಲಭ. ನೇರವಾದ ದಾರಿಯಲ್ಲಿ, ಎದುರಿಗೆ ಇತರರು ಬರುತ್ತಿರುವಾಗ, ತಪ್ಪುವ ಭಯವಿಲ್ಲ. ಅಪಾಯವಿರುವುದು ನಿರ್ಜನವಾದ ತಿರುವಿನಲ್ಲಿ, ಅದರಲ್ಲಿಯೂ ಊಟ ಮುಗಿಸಿ ಗಾಡಿಯನ್ನು ಮತ್ತೆ ರಸ್ತೆಗೆ ತರುವ ಮೊದಲ ನಿಮಿಷದಲ್ಲಿ. ನಲವತ್ತು ವರ್ಷದ ಅಭ್ಯಾಸವು ಆಗ ಕೈಯನ್ನು ಎಡಕ್ಕೆ ಎಳೆಯುತ್ತದೆ. ನನ್ನ ಪತ್ನಿಯು ಪ್ರತಿ ತಿರುವಿನಲ್ಲಿಯೂ “ಬಲಗಡೆಗೆ ಬನ್ನಿ” ಎಂದು ಹೇಳುವ ಕೆಲಸವನ್ನು ತಾನೇ ವಹಿಸಿಕೊಂಡಳು. ಐದು ದಿನವೂ ಬೇಸರವಿಲ್ಲದೆ ಹೇಳಿದಳು. ಇನ್ನೊಂದು ಸಂಗತಿ: ಬಲಗಡೆ ಕುಳಿತು ಓಡಿಸಿ ಬಳಕೆಯಾದವರಿಗೆ ಈಗ ಗಾಡಿಯ ಒಡಲೆಲ್ಲ ಬಲಕ್ಕೆ ಚಾಚಿರುವುದು ಮನಸ್ಸಿಗೆ ಬರುವುದಿಲ್ಲ, ಬಲಗಡೆಯ ಚರಂಡಿಗೂ ಗೋಡೆಗೂ ತೀರ ಒತ್ತಿಕೊಂಡು ಹೋಗುವುದುಂಟು. ಮೊದಲ ಒಂದು ಗಂಟೆಯನ್ನು ಮೆಲ್ಲಗೆ ಕಳೆದರೆ ಅಳತೆ ಸಿಕ್ಕುತ್ತದೆ. ಊರ ಹೊರಗೆ ಹಗಲಿನಲ್ಲಿಯೂ ದೀಪ ಹೊತ್ತಿಸಿಕೊಂಡಿರಬೇಕೆಂಬುದು ಅಲ್ಲಿಯ ವಿಧಿ. ಊರೊಳಗೆ ಗಂಟೆಗೆ 50 ಕಿಲೋಮೀಟರು, ಹಳ್ಳಿಗಾಡಿನ ಸಾಧಾರಣ ರಸ್ತೆಗಳಲ್ಲಿ 90, ಸುಂಕದ ಹೆದ್ದಾರಿಯಲ್ಲಿ 130, ಮಳೆ ಬಂದರೆ 110: ಇವು ವೇಗದ ಮಿತಿಗಳು.

ಫ್ಲಾರೆನ್ಸಿನಿಂದ ಸಿಯೆನ ಪಟ್ಟಣಕ್ಕೆ ಸುಂಕವಿಲ್ಲದ ವೇಗದ ದಾರಿಯೊಂದಿದೆ. ನಾವು ಅದನ್ನು ಬಿಟ್ಟು ಕಿಯಾಂತಿ ಗುಡ್ಡಗಳ ನಡುವಣ 222ನೆಯ ಸಂಖ್ಯೆಯ ಹಳೆಯ ರಸ್ತೆಯನ್ನು ಹಿಡಿದೆವು. ಒಂದು ಪಕ್ಕದಲ್ಲಿ ದ್ರಾಕ್ಷಿಯ ಸಾಲು, ಇನ್ನೊಂದು ಪಕ್ಕದಲ್ಲಿ ಬೂದುಬಣ್ಣದ ಎಲೆಯ ಆಲಿವ್ ಮರಗಳು, ಮೇಲೆ ಕಾಡು. ಗ್ರೇವೆ ಎಂಬ ಊರಿನ ಮುಕ್ಕೋನಾಕಾರದ ಸಂತೆಚೌಕದಲ್ಲಿ ನಿಂತು ಕಾಫಿ ಕುಡಿದೆವು. 1524ರಲ್ಲಿ ಈಗಿನ ನ್ಯೂಯಾರ್ಕಿನ ಕೊಲ್ಲಿಯನ್ನು ಹೊಕ್ಕ ವೆರ್ರಾತ್ಸಾನೊ ಎಂಬ ನಾವಿಕನ ಪ್ರತಿಮೆ ಆ ಚೌಕದಲ್ಲಿದೆ.

ಮೋಟಾರನ್ನು ಊರ ನಡುವೆ ಪಡೆಯಬಾರದೆಂದು ಹೇಳಿದೆನಷ್ಟೆ. ಇಟಲಿಯ ಹಳೆಯ ಊರುಗಳಲ್ಲಿ ಬಹುತೇಕ ಎಲ್ಲವೂ ತಮ್ಮ ಒಡಲಿಗೆ ಒಂದು ಗೆರೆಯನ್ನು ಎಳೆದುಕೊಂಡಿವೆ. ಸಂಚಾರ ನಿರ್ಬಂಧದ ವಲಯವೆಂದು ಅದರ ಅರ್ಥ. ಜ಼ಡ್ ಟಿ ಎಲ್ ಎಂಬ ಮೂರಕ್ಷರದ ಹಲಗೆ, ಬಿಳಿಯ ಮೈಗೆ ಕೆಂಪು ಬಳೆ ತೊಡಿಸಿದ ಚಕ್ರದ ಗುರುತು. ಅಪ್ಪಣೆಯಿಲ್ಲದೆ ಅದನ್ನು ದಾಟಿದ ಗಾಡಿಯನ್ನು ಪೊಲೀಸಿನವನು ನಿಲ್ಲಿಸುವುದಿಲ್ಲ; ಕ್ಯಾಮೆರಾ ಅದರ ಸಂಖ್ಯೆಯನ್ನು ಬರೆದುಕೊಳ್ಳುತ್ತದೆ, ಅಷ್ಟೆ. ದಂಡದ ಪತ್ರವು ಬಾಡಿಗೆಯವರಿಗೆ ಹೋಗಿ, ಅವರು ನಮ್ಮ ವಿಳಾಸವನ್ನು ಕೊಟ್ಟುದಕ್ಕಾಗಿ ತಮ್ಮ ಶುಲ್ಕವನ್ನು ಕಾರ್ಡಿನಿಂದ ಕಿತ್ತುಕೊಂಡು, ತಿಂಗಳುಗಳು ಕಳೆದಮೇಲೆ ಮೂಲಪತ್ರವು ನಮ್ಮ ಮನೆಯ ಬಾಗಿಲಿಗೆ ಬರುತ್ತದೆ.  ಕೆಲವೆಡೆ ಗೆರೆಯ ಬಳಿ “ವಾರ್ಕೊ ಅತ್ತೀವೊ” ಎಂದು ಬೆಳಕಿನ ಅಕ್ಷರಗಳು ಕಾಣುತ್ತವೆ. ದಾರಿ ತೆರೆದಿದೆಯೆಂದು ಪರದೇಶದವರು ತಿಳಿಯುತ್ತಾರೆ. ನಿಜವಾದ ಅರ್ಥ ತಿರುಗುಮುರುಗು: ಕಾವಲು ಜಾರಿಯಲ್ಲಿದೆ, ಬರಬೇಡಿ! ನಡುವೆ “ನೋನ್” ಎಂಬ ಮಾತು ಸೇರಿದ್ದರೆ ಮಾತ್ರ ಹೋಗಬಹುದು. ಮೊಬೈಲಿನ ನಕ್ಷೆಯನ್ನು ನಂಬಿ ಈ ಗೆರೆಗಳನ್ನು ದಾಟಬಾರದು. ಅದಕ್ಕೆ ಹತ್ತಿರದ ದಾರಿಯ ಚಿಂತೆಯೇ ಹೊರತು ನಮ್ಮ ಹಣದ ಚಿಂತೆಯಲ್ಲ.

ಹೀಗಾಗಿ ಸಿಯೆನದಲ್ಲಿ ಗಾಡಿಯನ್ನು ಕೋಟೆಯ ಹೊರಗೆ ನಿಲ್ಲಿಸಿದೆವು. ನೆಲದ ಮೇಲೆ ಬಿಳಿಯ ಗೆರೆಯಿದ್ದರೆ ಬಿಟ್ಟಿ, ನೀಲಿಯಿದ್ದರೆ ಹಣ, ಹಳದಿಯಿದ್ದರೆ ಅನ್ಯರಿಗೆ ಮೀಸಲು. ಹೊರಗಿನ ನಿಲ್ದಾಣದಿಂದ ಊರಿನ ಎತ್ತರಕ್ಕೆ ಚಲಿಸುವ ಮೆಟ್ಟಿಲುಗಳನ್ನು ಕಟ್ಟಿದ್ದಾರೆ. ತಾಯಿಯವರು ಕೈಗೋಲನ್ನು ಹಿಡಿದುಕೊಂಡೇ ಸಲೀಸಾಗಿ ಮೇಲಕ್ಕೆ ಬಂದರು.

ಸಿಯೆನದ ಪುರಭವನದಲ್ಲಿ ಒಂದು ಕೊಠಡಿಯ ಗೋಡೆಗಳನ್ನು ಅಂಬ್ರೋಜಿಯೊ ಲೊರೆನ್ಸೆತ್ತಿ ಎಂಬ ಚಿತ್ರಕಾರನು 1338 ಮತ್ತು 1339ರಲ್ಲಿ ಬರೆದ ಚಿತ್ರಗಳು ತುಂಬಿವೆ. ಒಳ್ಳೆಯ ಆಡಳಿತದ ಫಲವೇನು, ಕೆಟ್ಟ ಆಡಳಿತದ ಫಲವೇನು ಎಂಬುದೇ ವಸ್ತು. ಒಳ್ಳೆಯ ಆಡಳಿತದ ಗೋಡೆಯಲ್ಲಿ ಅರ್ಧ ಪಟ್ಟಣ, ಅರ್ಧ ಹಳ್ಳಿಗಾಡು. ನಡುವೆ ಕೋಟೆಯ ಬಾಗಿಲು. ಬಾಗಿಲಿನಿಂದ ಕುದುರೆಯೇರಿದ ಸಿರಿವಂತರು ಬೇಟೆಗೆ ಇಳಿಯುತ್ತಿದ್ದಾರೆ. ಅದೇ ರಸ್ತೆಯಲ್ಲಿ ರೈತರು ಕತ್ತೆಗಳ ಮೇಲೆ ಹೇರು ಹೇರಿಕೊಂಡು, ಒಬ್ಬನು ನಡುವಿಗೆ ಬಿಳಿಯ ಪಟ್ಟಿಯಿರುವ ಹಂದಿಯನ್ನು ಅಟ್ಟಿಕೊಂಡು, ಮೇಲಕ್ಕೆ ಬರುತ್ತಿದ್ದಾರೆ. ದೂರದಲ್ಲಿ ಕೊಯ್ಲು, ಒಕ್ಕಣೆ. ಇವರೆಲ್ಲರ ಮೇಲೆ ಆಕಾಶದಲ್ಲಿ ನಿರ್ಭಯತೆಯೆಂಬ ದೇವತೆ ತೇಲುತ್ತಾಳೆ. ಒಂದು ಕೈಯಲ್ಲಿ, ಎಲ್ಲರೂ ಅಂಜದೆ ದಾರಿ ನಡೆಯಲಿ, ಹೊಲ ಬಿತ್ತಲಿ ಎಂಬರ್ಥದ ಬರಹ. ಇನ್ನೊಂದು ಕೈಯಲ್ಲಿ ನೇಣುಗಂಬ, ಅದರಲ್ಲಿ ತೂಗುವ ಕಳ್ಳ! ರಸ್ತೆಯ ಸುಖವೂ ದಂಡನೆಯೂ ಒಬ್ಬಳ ಎರಡು ಕೈಗಳಲ್ಲಿರುವುದನ್ನು ನೋಡಿ ನನ್ನ ಮಗಳು, “ಅಪ್ಪಾ, ಈಗ ಅವಳ ಕೈಗೆ ಕ್ಯಾಮೆರಾ ಕೊಟ್ಟಿದ್ದಾರೆ” ಎಂದಳು. ಎದುರು ಗೋಡೆಯಲ್ಲಿ ಸುಟ್ಟ ಹಳ್ಳಿಗಳು, ಬರಿದಾದ ಹೊಲಗಳು, ಕತ್ತಿ ಹಿಡಿದ ಭೀತಿ. ಒಂಬತ್ತು ವರ್ಷಗಳಲ್ಲಿ, 1348ರ ಮಹಾಮಾರಿಯು ಸಿಯೆನವನ್ನು ಹಾಳುಗೆಡವಿತು.

ಮರುದಿನ ಕಾಸ್ಸಿಯವೆಂಬ ರೋಮನರ ಕಾಲದ ದಾರಿಯ ಜಾಡಿನಲ್ಲಿ ದಕ್ಷಿಣಕ್ಕೆ ಇಳಿದೆವು. ಓರ್ಚ ನದಿಯ ಕಣಿವೆ ಬಂದಿತು. 2004ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಕಣಿವೆಯ ಸೊಬಗು ಪ್ರಕೃತಿಯೊಂದರದೇ ಅಲ್ಲ. ಗೋಧಿಯ ಹಸುರು ಅಲೆಗಳು, ದಿಣ್ಣೆಯ ಮೇಲೆ ಒಂಟಿಯಾದ ಕಲ್ಲಿನ ಮನೆ, ಮನೆಯವರೆಗೆ ಎರಡು ಸಾಲು ಸೈಪ್ರೆಸ್ ಮರಗಳು, ನಡುವೆ ಡಾಂಬರು ಕಾಣದ ಬಿಳಿಯ ದಾರಿ: ಇವನ್ನೆಲ್ಲ ಮನುಷ್ಯರು ತಲೆಮಾರುಗಳ ಕಾಲ ದುಡಿದು ಮಾಡಿದರು. ನಾವು ತಂಗಿದುದು ಅಂಥದೊಂದು ಮನೆಯಲ್ಲಿ. ಬಿಳಿಯ ದಾರಿಯಲ್ಲಿ ಎರಡು ಕಿಲೋಮೀಟರು, ಗಂಟೆಗೆ 20ರ ವೇಗ, ಹಿಂದೆ ಸುಣ್ಣದಂಥ ಧೂಳು. ಎದುರಿಗೆ ಟ್ರಾಕ್ಟರು ಬಂದಾಗ ನಾವೇ ಹಿಂದಕ್ಕೆ ಸರಿದು ದಾರಿ ಬಿಟ್ಟೆವು. ಕೆಲಸಕ್ಕೆ ಹೊರಟವನು ಅವನು, ನೋಡಹೋದವರು ನಾವು.

ಸಂಜೆ ಜಗಲಿಯಲ್ಲಿ ಕುಳಿತಿದ್ದಾಗ ತಾಯಿಯವರು, “ಇಷ್ಟು ದೊಡ್ಡ ಮನೇಲಿ ಎಷ್ಟು ಜನ ಇದ್ದರೋ? ಈಗ ಯಾಕೋ ಖಾಲಿ?” ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರವು ಈ ಸೀಮೆಯ ಚರಿತ್ರೆಯೇ ಆಗಿದೆ. ಇಲ್ಲಿ ಶತಮಾನಗಳ ಕಾಲ ನಡೆದುದು ಮೆತ್ಸಾದ್ರಿಯವೆಂಬ ಪದ್ಧತಿ. ಹೊಲವೂ ಮನೆಯೂ ಒಡೆಯನದು, ದುಡಿಮೆ ಒಕ್ಕಲ ಕುಟುಂಬದ್ದು, ಬೆಳೆಯಲ್ಲಿ ಇಬ್ಬರಿಗೂ ಅರ್ಧ. ನಮ್ಮ ಕಡೆಯ ವಾರದ ಸಾಗುವಳಿಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಅಷ್ಟೇ ಅಲ್ಲ, ಹಬ್ಬಕ್ಕೆ ಕೋಳಿ, ಮೊಟ್ಟೆ ಒಪ್ಪಿಸಬೇಕು, ಮನೆಯಲ್ಲಿ ಮದುವೆಯಾಗಬೇಕಾದರೂ ಒಡೆಯನ ಅನುಮತಿ ಬೇಡಬೇಕಾಗಿತ್ತು. ಎರಡನೆಯ ಮಹಾಯುದ್ಧವು ಮುಗಿದಮೇಲೆ ಪಟ್ಟಣಗಳ ಕಾರ್ಖಾನೆಗಳು ಕೈಬೀಸಿ ಕರೆದುವು. ಒಕ್ಕಲುಗಳು ಬಾಗಿಲೆಳೆದುಕೊಂಡು ಹೊರಟುಹೋದರು. 1964ರ ಸೆಪ್ಟೆಂಬರಿನಲ್ಲಿ ಹೊಸದಾಗಿ ಇಂಥ ಕರಾರು ಮಾಡಕೂಡದೆಂದು ಕಾನೂನಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮಿಲಾನಿನಿಂದ ನೇಪಲ್ಸಿನವರೆಗಿನ “ಸೂರ್ಯನ ಹೆದ್ದಾರಿ” ಪೂರ್ತಿಯಾಯಿತು. ಒಕ್ಕಲುಗಳು ಹೋದ ಮನೆಗಳಿಗೆ ಮೋಟಾರಿನ ಜನ ಬರತೊಡಗಿದರು. 1985ರಲ್ಲಿ ಬೇಸಾಯಗಾರರು ಅತಿಥಿಗಳನ್ನು ಇರಿಸಿಕೊಳ್ಳುವುದಕ್ಕೆ ಶಾಸನದ ಬಲ ಸಿಕ್ಕಿತು. ಬೇಸಾಯವೇ ಮುಖ್ಯವಾಗಿರಬೇಕು, ಅತಿಥಿಗಳು ಅದಕ್ಕೆ ಊರೆಗೋಲೆಂಬುದು ಅದರ ನಿಯಮ.

ತಾಯಿಯವರು ಬಹಳ ಹೊತ್ತು ಮಾತಾಡಲಿಲ್ಲ. ಅವರ ತೌರುಮನೆಯವರು ವಾರಕ್ಕೆ ಕೊಟ್ಟಿದ್ದ ಗದ್ದೆಗಳು 1974ರ ಭೂಸುಧಾರಣೆಯಲ್ಲಿ ಉಳುತ್ತಿದ್ದವರ ಪಾಲಾದುವು. ಅದರ ನೋವನ್ನು ನಮ್ಮ ಮನೆಯಲ್ಲಿ ಅವರು ಎಷ್ಟೋ ಸಲ ಹೇಳಿದ್ದುಂಟು. ಅಂದು ಹೇಳಿದುದೇ ಬೇರೆ: “ನಮ್ಮ ಗದ್ದೇಲಿ ಈಗಲೂ ಯಾರೋ ನೆಡ್ತಾ ಇದಾರೆ. ಇಲ್ಲಿ ಇಬ್ಬರೂ ಇಲ್ಲವಲ್ಲೋ.”

ಪಿಯೆಂತ್ಸ ಎಂಬ ಪುಟ್ಟ ಊರಿಗೆ ಹತ್ತು ನಿಮಿಷದ ದಾರಿ. ಅಲ್ಲಿ 1405ರಲ್ಲಿ ಹುಟ್ಟಿದವನೊಬ್ಬನು ಎರಡನೆಯ ಪಿಯುಸ್ ಎಂಬ ಹೆಸರಿನಿಂದ ಪೋಪಾಗಿ, 1459ರಿಂದ ತನ್ನ ಹುಟ್ಟೂರನ್ನೇ ಮಾದರಿಯ ಪಟ್ಟಣವಾಗಿ ಕಟ್ಟಿಸಿದನು. ಅವನ ಅರಮನೆಯ ಹಿಂಭಾಗದ ಮೊಗಸಾಲೆಯಿಂದ ಇಡೀ ಕಣಿವೆಯೂ ಆಚೆ 1738 ಮೀಟರೆತ್ತರದ ಆಮಿಯಾತ ಪರ್ವತವೂ ಕಾಣುತ್ತವೆ. ಊಟದ ಮಾತು: ಪೀಚಿ ಎಂಬುದು ಕೈಯಲ್ಲಿ ಹೊಸೆದ ದಪ್ಪ ಶ್ಯಾವಿಗೆ, ಬೆಳ್ಳುಳ್ಳಿ ಮತ್ತು ಟೊಮ್ಯಾಟೊ ಸಾರಿನಲ್ಲಿ ಸಸ್ಯಾಹಾರಿಗಳಿಗೆ ಯೋಗ್ಯ. ಅಲ್ಲಿಯ ಕುರಿಹಾಲಿನ ಚೀಸನ್ನು ಸಾಮಾನ್ಯವಾಗಿ ಪ್ರಾಣಿಯ ಹೊಟ್ಟೆಯ ಹೆಪ್ಪಿನಿಂದ ಮಾಡುವುದರಿಂದ ಮಡಿವಂತರು ಕೇಳಿಯೇ ತಿನ್ನಬೇಕು. ರೊಟ್ಟಿಗೆ ಉಪ್ಪೇ ಹಾಕುವುದಿಲ್ಲ! ತಾಯಿಯವರು ಕೈಚೀಲದಿಂದ ಉಪ್ಪಿನಕಾಯಿಯನ್ನು ತೆಗೆದರು.

ಹಿಂದಿರುಗುವಾಗ ರೋಮಿಗೆ ಹೋಗಲು ಕಿಯೂಸಿಯ ಬಳಿ ಸೂರ್ಯನ ಹೆದ್ದಾರಿಯನ್ನು ಸೇರಿದೆವು. ಅದರ ಹಲಗೆಗಳು ಹಸುರು. ಹೊಗುವಾಗ ಯಂತ್ರದಿಂದ ಚೀಟಿಯನ್ನು ಪಡೆದು, ಹೊರಡುವಾಗ ಹಣ ಕೊಡಬೇಕು. ಹಳದಿ ಹಲಗೆಯ ಸಾಲು ಖಾತೆಯುಳ್ಳವರದು, ಅದನ್ನು ಹೊಗಬಾರದು. ಗಾಡಿಯನ್ನು ಒಪ್ಪಿಸುವ ಮುಂಚೆ ತೊಟ್ಟಿ ತುಂಬಿಸಬೇಕಾದಾಗ ಹೆಸರಿನಲ್ಲಿ ಎಚ್ಚರವಿರಲಿ: ಬೆನ್ಜೀನ ಎಂದರೆ ಪೆಟ್ರೋಲು, ಗಾಜೋಲಿಯೊ ಎಂದರೆ ಡೀಸೆಲು. ನಾವೇ ತುಂಬಿಕೊಂಡರೆ ಅಗ್ಗ, ಆಳು ತುಂಬಿದರೆ ದುಬಾರಿ. ರೋಮಿನ ವಿಮಾನ ನಿಲ್ದಾಣದಲ್ಲಿ ಗಾಡಿಯನ್ನು ಪರೀಕ್ಷಿಸಿದವನು ತೈಲದ ಮುಳ್ಳನ್ನೂ, ಬಾಗಿಲುಗಳನ್ನೂ ನೋಡಿ, ಚಕ್ರಗಳಿಗೆ ಹತ್ತಿದ್ದ ಬಿಳಿಯ ಧೂಳಿನ ಮೇಲೆ ಒಮ್ಮೆ ಬೆರಳಾಡಿಸಿ, ಓರ್ಚವೇ ಎಂದು ಕೇಳಿ, ರಸೀತಿಯನ್ನು ಬರೆದುಕೊಟ್ಟನು.